‘ಲವ್, ರೊಮ್ಯಾನ್ಸ್ ಅಂಡ್ ಚಾಕೊಲೇಟ್’ ಅಮ್ಮನೊಂದಿಗೆ ಕುಳಿತು ನೋಡುವಂಥ ಚಿತ್ರವೇ? ಗುಣ ದೋಷಗಳೇನು?

ಧೈರ್ಯವಾಗಿ ನೋಡಿ. ಅಮ್ಮನ ಎದುರು ಗಡಿಬಿಡಿಯಿಂದ ರಿಮೋಟ್ ಹುಡುಕಬೇಕಾದ ದೃಶ್ಯ ಒಂದೂ ಇಲ್ಲ. ಅಮೆರಿಕದ ಹಾಲ್‌ಮಾರ್ಕ್ ಚಾನೆಲ್ 2019ರ ಫೆಬ್ರುವರಿಯಲ್ಲಿ, ಪ್ರೇಮಿಗಳ ದಿನದ ಆಸುಪಾಸಿನಲ್ಲಿ ಪ್ರಸಾರ ಮಾಡಿದ ಚಿತ್ರವಿದು. ಶುಭಾಶಯ ಪತ್ರ ಮಾರಿ ಬೆಳೆದ ಕಂಪನಿಯ ಚಾನೆಲ್ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ವಿಮರ್ಶೆ ಅಲ್ಲಿಗೇ ಮುಗಿಯಿತು.

ಕಥೆ ಸರಳ. ಪ್ರೇಮಿಗಳ ದಿನಕ್ಕೆ ಸ್ವಲ್ಪ ಮುಂಚೆ ಎಮ್ಮಾಳನ್ನು ಗೆಳೆಯ ಬಿಟ್ಟುಹೋಗುತ್ತಾನೆ. ಇಬ್ಬರೂ ಸೇರಿ ಹೋಗಬೇಕಿದ್ದ ಬೆಲ್ಜಿಯಂ ಪ್ರವಾಸಕ್ಕೆ ಅವಳೊಬ್ಬಳೇ ಹೊರಡುತ್ತಾಳೆ. ಅಲ್ಲಿ ಲೂಕ್ ಎಂಬ ಚಾಕೊಲೇಟ್ ತಯಾರಕ ಸಿಗುತ್ತಾನೆ. ರಾಜಮನೆತನದ ಮದುವೆಗೆ ಚಾಕೊಲೇಟ್ ಒದಗಿಸುವ ಅವಕಾಶಕ್ಕಾಗಿ ಅವನು ಪೈಪೋಟಿಯಲ್ಲಿದ್ದಾನೆ. ಮುಂದಿನದನ್ನು ನಾನು ಹೇಳುವುದಿಲ್ಲ, ನೀವು ಈಗಾಗಲೇ ಊಹಿಸಿಯಾಗಿದೆ.

ಚಿತ್ರದ ದೊಡ್ಡ ಬಲ ಊರು. ಇಂಥ ಚಿತ್ರಗಳಲ್ಲಿ ಎಷ್ಟೋ ಸಲ ಕೆನಡಾದ ಯಾವುದೋ ಬೀದಿಯೇ ಕಥೆಯ ಊರಿನ ವೇಷ ಹಾಕಿ ನಿಲ್ಲುತ್ತದೆ. ಇಲ್ಲಿ ಬೆಲ್ಜಿಯಂನ ನಿಜವಾದ ಬ್ರೂಗ್ ಪಟ್ಟಣದಲ್ಲೇ ಚಿತ್ರೀಕರಣ ನಡೆದಿದೆ. ಆ ಕಾಲುವೆಗಳು, ಇಟ್ಟಿಗೆಯ ಮನೆಗಳು, ಕಲ್ಲು ಹಾಸಿದ ಓಣಿಗಳು ಸಂಭಾಷಣೆ ಸೊರಗಿದಾಗಲೆಲ್ಲ ಕೈಹಿಡಿಯುತ್ತವೆ. ಎರಡನೆಯ ಬಲ ಲೂಕ್ ಆಗಿರುವ ವಿಲ್ ಕೆಂಪ್. ಬ್ಯಾಲೆ ನರ್ತಕನಾಗಿ ಹೆಸರು ಮಾಡಿದವನು. ಅವನ ನಿಲುವಿನಲ್ಲಿರುವ ಆ ಅಚ್ಚುಕಟ್ಟು ಕೈಕಸುಬಿನವನ ಪಾತ್ರಕ್ಕೆ ಒಪ್ಪುತ್ತದೆ. ಎಮ್ಮಾ ಪಾತ್ರದ ಲೇಸಿ ಶಬೇರ್ ಈ ಚಾನೆಲ್‌ನ ಮನೆಮಗಳಂಥವಳು. ಎಷ್ಟು ನಕ್ಕರೆ ಸಾಕು ಎಂಬ ಲೆಕ್ಕ ಅವಳಿಗೆ ಗೊತ್ತು.

ದೌರ್ಬಲ್ಯವೆಂದರೆ ಚಾಕೊಲೇಟೇ. ಹೆಸರಿನಲ್ಲಿ ಇದೆ, ಕಣ್ಣಿಗೂ ಬೀಳುತ್ತದೆ, ಆದರೆ ಕಥೆಯನ್ನು ಎಲ್ಲೂ ಕಾಡುವುದಿಲ್ಲ. ಕಪ್ಪು ಚಾಕೊಲೇಟನ್ನು 45ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ಮೈಸೂರು ಪಾಕಿನ ಪಾಕದ ಹಾಗೆ, ಹದ ತಪ್ಪಿದರೆ ಮುಗಿಯಿತು: ಹೊಳಪಿಲ್ಲ, ಮುರಿದಾಗ ಚಟ್ ಎನ್ನುವ ಸದ್ದಿಲ್ಲ, ಮೈಮೇಲೆ ಬೂದುಬಣ್ಣದ ಮಚ್ಚೆ. ಮದುವೆ ಹತ್ತಿರವಾಗುತ್ತಿರುವಾಗ ಚಾಕೊಲೇಟಿನ ಒಂದು ಇಡೀ ಬ್ಯಾಚ್ ಹೀಗೆ ಕೆಟ್ಟಿದ್ದರೆ ಪ್ರೀತಿಗೂ ಒಂದು ಪರೀಕ್ಷೆ ಸಿಗುತ್ತಿತ್ತು. ಚಿತ್ರಕ್ಕೆ ಅಂಥ ಗಲೀಜು ಬೇಡ. ಹಾಗಾಗಿ ಪೈಪೋಟಿ ಇದೆ, ಸೋಲಿನ ಭಯ ಇಲ್ಲ.

ನನಗೆ ಹೆಚ್ಚು ಬೇಸರವಾಗಿದ್ದು ಬೇರೆ ಕಾರಣಕ್ಕೆ. ಬೆಲ್ಜಿಯಂನ ಚಾಕೊಲೇಟ್ ಇತಿಹಾಸದಲ್ಲಿ ಇದಕ್ಕಿಂತ ಚೆಂದದ ಜೋಡಿ ಇದೆ. ಬ್ರಸೆಲ್ಸ್‌ನಲ್ಲಿ 1857ರಲ್ಲಿ ಔಷಧದ ಅಂಗಡಿಯಾಗಿ ಶುರುವಾದದ್ದು ನ್ಯೂಹೌಸ್ ಮನೆತನದ ವ್ಯಾಪಾರ. ಮೊಮ್ಮಗ ಝಾನ್ 1912ರಲ್ಲಿ ಒಳಗೆ ಹೂರಣ ತುಂಬಿದ, ಪ್ರಾಲೀನ್ ಎಂಬ ಚಾಕೊಲೇಟ್ ಮಾಡಿದ. ಕಾಗದದ ಪೊಟ್ಟಣದಲ್ಲಿ ಅದು ಅಪ್ಪಚ್ಚಿಯಾಗುತ್ತದೆಂದು ಹೆಂಡತಿ ಲೂಯಿಸ್ ಅಗೊಸ್ಟಿನಿ 1915ರಲ್ಲಿ ಅದಕ್ಕೊಂದು ಪೆಟ್ಟಿಗೆ ರೂಪಿಸಿದಳು. ಇಂದಿಗೂ ಅಲ್ಲಿನ ಚಾಕೊಲೇಟ್ ಆ ಬಗೆಯ ಪೆಟ್ಟಿಗೆಯಲ್ಲಿ ಬರುತ್ತದೆ. ಗಂಡನ ಕೆಲಸದಲ್ಲಿ ಎಲ್ಲಿ ಕೊರತೆಯಿದೆ ಎಂದು ಕಂಡು ಅದನ್ನು ತುಂಬಿದ ಹೆಣ್ಣು! ಎಮ್ಮಾಳಿಗೆ ಅಂಥ ಒಂದು ಸ್ವಂತ ಬುದ್ಧಿಯ ಗಳಿಗೆ ಕೊಟ್ಟಿದ್ದರೆ ಅವಳ ಮೆಚ್ಚುಗೆಗೆ ತೂಕ ಬರುತ್ತಿತ್ತು.

ಅಡಿಕೆ ಮರಗಳ ನಡುವೆ ಕೊಕ್ಕೊ ಬೆಳೆಯುವ ಪುತ್ತೂರು ಸೀಮೆಯವನಾದ ನನಗೆ ಇನ್ನೊಂದು ತಕರಾರೂ ಇದೆ, ಇದು ನಿಮಗೆ ಇರಬೇಕಾಗಿಲ್ಲ. 1986ರಿಂದ ನಮ್ಮಲ್ಲೇ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಇದೆ. ಕಾಯಿ ಒಡೆದರೆ ಸಿಗುವುದು ಬಿಳಿ ಲೋಳೆ ಸುತ್ತಿಕೊಂಡ ಕಹಿ ಬೀಜ. ಐದಾರು ದಿನ ಹುಳಿ ಬರಿಸಿ, ಒಣಗಿಸಿ, ಹುರಿದ ಮೇಲಷ್ಟೇ ಚಾಕೊಲೇಟಿನ ಪರಿಮಳ. ಬ್ರೂಗ್‌ನ ಅಂಗಡಿಗಳಿಗೆ ಬೀಜ ಹೆಚ್ಚಾಗಿ ಪಶ್ಚಿಮ ಆಫ್ರಿಕಾದಿಂದ ಬರುತ್ತದೆ. ತೋಟ, ಬೆವರು, ಅಳಿಲಿನ ಕಾಟ ಇವ್ಯಾವುದರಲ್ಲೂ ಚಿತ್ರಕ್ಕೆ ಆಸಕ್ತಿಯಿಲ್ಲ. ಹಾಗೆಯೇ ಬ್ರೂಗ್ ಡಚ್ ನುಡಿಯ ಊರು, ಭಾಷೆಯ ಜಗಳಕ್ಕೆ ಸರ್ಕಾರವೇ ಬಿದ್ದ ದೇಶ ಅದು. ಇಲ್ಲಿ ಮಾತ್ರ ಪ್ರೇಮ, ವ್ಯಾಪಾರ, ಮುನಿಸು ಎಲ್ಲವೂ ಸಲೀಸಾದ ಇಂಗ್ಲಿಷಿನಲ್ಲಿ!

ಅಮ್ಮನಿಗೆ ಆ ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ತೊಂದರೆಯಿಲ್ಲ. ಜಾಹೀರಾತು ಸೇರಿಸಿ ಎರಡು ಗಂಟೆಯ ಅವಧಿಗೆ ಹೊಲಿದ ಚಿತ್ರವಿದು, ನಡುನಡುವೆ ಎದ್ದುಹೋಗುವವರನ್ನು ಎಣಿಸಿಕೊಂಡೇ ಬರೆದಿರುತ್ತಾರೆ. ಕುಕ್ಕರ್ ಇಳಿಸಿ, ಸಾರಿಗೆ ಒಗ್ಗರಣೆ ಹಾಕಿ ಬಂದು ಕುಳಿತರೂ ಅವರಿಗೆ ಕಥೆಯ ಎಳೆ ತಪ್ಪುವುದಿಲ್ಲ.