ಉ: ಅಮರೋನೆ ಒಣದ್ರಾಕ್ಷಿ ವೈನ್ ಆದ್ರೆ ಸಿಹಿ ಯಾಕಿಲ್ಲ?

ನೀವು ಕೇಳಿದ್ದು ಎರಡು, ಒಣಗಿಸಿದ ದ್ರಾಕ್ಷಿದಾದ್ರೂ ಇಟಲಿಯ ಕೆಂಪು ವೈನ್ ಅಮರೋನೆ ಸಿಹಿ ಯಾಕಿರಲ್ಲ, ಅದೇ ಊರಿನ ಇನ್ನೊಂದು ಕೆಂಪು ವೈನ್ ರಿಪಾಸ್ಸೊ ಅಷ್ಟು ಕಮ್ಮಿಗೆ ಹೆಂಗೆ ಸಿಗತ್ತೆ ಅಂತ. ಮೊದಲು, ಇದು ನಮ್ಮ ಪಾಯಸಕ್ಕೆ ಹಾಕೋ ಒಣದ್ರಾಕ್ಷಿ ಥರ ಅಲ್ಲ. ವೆರೋನಾ ಪಕ್ಕದ ವಾಲ್ಪೊಲಿಚೆಲ್ಲ ಗುಡ್ಡಗಳಲ್ಲಿ ಕೊರ್ವೀನ, ಕೊರ್ವಿನೋನೆ, ರೊಂದಿನೆಲ್ಲ ಅನ್ನೋ ದ್ರಾಕ್ಷಿ ತಳಿಗಳ ಗೊಂಚಲುಗಳನ್ನ ಕೈಯಲ್ಲೇ ಆರಿಸಿ ಕಿತ್ತು, ಗಾಳಿಯಾಡೋ ಅಟ್ಟದಲ್ಲಿ ತಟ್ಟೆಗಳ ಮೇಲೆ ಒಂದೇ ಪದರ ಹರಡಿ ಮೂರು ನಾಲ್ಕು ತಿಂಗಳು ಬಿಡ್ತಾರೆ, ಒಂದು ಕಾಳಿಗೆ ಬೂಷ್ಟು ಹಿಡಿದ್ರೂ ಪಕ್ಕದ್ದು ಹಾಳಾಗತ್ತೆ ಅಂತ ನೋಡ್ತಾನೇ ಇರ್ಬೇಕು, ಅಷ್ಟರಲ್ಲಿ ತೂಕದಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಜಾಸ್ತಿ ಹೋಗಿರತ್ತೆ. ದುಡ್ಡು ಹೋಗೋದು ಅಲ್ಲೇ ನೋಡಿ!

ಆಮೇಲೆ ಜಜ್ಜಿ ಹುದುಗೋಕೆ ಬಿಟ್ರೆ ಯೀಸ್ಟ್ ಹೆಚ್ಚುಕಮ್ಮಿ ಸಕ್ಕರೆನೆಲ್ಲ ತಿಂದು ಆಲ್ಕೋಹಾಲ್ ಮಾಡತ್ತೆ, 15-16% ಮಾಮೂಲಿ. ಅರ್ಧದಲ್ಲೇ ನಿಂತ್ರೆ ಅದು ರೆಚೋತೊ, ಸಿಹಿ ವೈನು, ಅಮರೋನೆಗಿಂತ ಹಳೇದು. ಅಮರೋನೆ ಹೆಸರಲ್ಲಿರೋ ಅಮಾರೊ ಅಂದ್ರೇನೇ ಇಟಾಲಿಯನ್‌ನಲ್ಲಿ ಕಹಿ.

ರಿಪಾಸ್ಸೊ ಕಥೆ ಸಿಂಪಲ್ಲು. ಅಮರೋನೆ ತೆಗೆದ್ಮೇಲೆ ಉಳಿಯೋ ಸಿಪ್ಪೆ ಬೀಜದ ಚರಟದ ಮೇಲೆ ಮಾಮೂಲಿ ವಾಲ್ಪೊಲಿಚೆಲ್ಲ ವೈನ್ ಸುರಿದು ಇನ್ನೊಂದ್ಸಲ ಹುದುಗಿಸ್ತಾರೆ, ಒಂದ್ಸಲ ಸೋಸಿದ ಕಾಫಿಪುಡಿಗೆ ಮತ್ತೆ ನೀರು ಹಾಕ್ದಂಗೆ ಅನ್ಬೋದು, ಆದ್ರೆ ಇಲ್ಲಿ ನೀರಿನ ಬದಲು ಕಾಫೀನೇ ಹಾಕ್ತಿದಾರೆ 😀

ನನ್ನ ಕೇಳಿದ್ರೆ ಮೊದಲು ರಿಪಾಸ್ಸೊನೇ ತಗೊಳ್ಳಿ. ಅಮರೋನೆ ಊಟದ ಜೊತೆ ಗಟಗಟ ಕುಡಿಯೋದಲ್ಲ, ಗಂಟೆ ಮುಂಚೆ ತೆಗೆದಿಟ್ಟು ಹಳೇ ಗಟ್ಟಿ ಚೀಸ್ ಜೊತೆ ನಿಧಾನಕ್ಕೆ ಕುಡೀರಿ.