ಗೂಢಚಾರಿ ಕಾದಂಬರಿ: ಮೊದಲು ಓದಬೇಕಾ, ಸಿನಿಮಾ ನೋಡಬೇಕಾ?

ಸಿನಿಮಾ ಮೊದಲು ನೋಡಿದ್ರ ಹಳೇ ಗೂಢಚಾರಿ ಕಾದಂಬರಿ ಓದೋ ಮಜಾ ಹೋಗತದೇನು ಅಂತ ಕೇಳೀರಿ. ಪುಸ್ತಕ ಯಾವುದು ಅನ್ನೋದರ ಮ್ಯಾಲ ಅದರಿ.

ನಾನು ಕಲಬುರಗಿಯವ. ಬ್ಯಾಸಗಿ ರಜಾದಾಗ ಮಧ್ಯಾಹ್ನ ಹೊರಗ ಕಾಲಿಡೋ ಹಂಗಿರಲಿಲ್ಲ. ಮನ್ಯಾಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಬಾಜೂಮನಿ ಚಾಚಾ ಉರ್ದುದಾಗ ಓದಿದ ಇಬ್ನೆ ಸಫಿಯ ಗೂಢಚಾರಿ ಇಮ್ರಾನ್‌ನ ಕಥಿ ನಮಗ ಬಾಯಿಲೇ ಹೇಳತಿದ್ರು. ಅದರ ಮ್ಯಾಲ 1968ರ ‘ಜೇಡರ ಬಲೆ’, ರಾಜ್‌ಕುಮಾರ್ ಸಿ.ಐ.ಡಿ. 999. ಗೂಢಚಾರಿ ಅಂದ್ರ ಕೋಟು, ಪಿಸ್ತೂಲು, ಕಾರು ಅಂತಲೇ ತಿಳಕೊಂಡಿದ್ದೆ.

ಇಂಗ್ಲಿಷ್ ಕಾದಂಬರಿಕಾರ ಜಾನ್ ಲ ಕ್ಯಾರೆ ಅದನ್ನ ಕೆಡಿಸಿದ. 1974ರ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ದಾಗ ಸ್ಮೈಲಿ ಅಂಬ ಗೂಢಚಾರಿ ಕುಳ್ಳ, ದಪ್ಪ, ಚಾಳೀಸು ಹಾಕಿದವ, ನೌಕರಿನೂ ಹೋಗ್ಯದ. ಹೋಟೆಲ್ ರೂಮಿನ್ಯಾಗ ಕುಂತು ರಾತ್ರಿಯೆಲ್ಲ ಫೈಲ್ ಓದತಾನ, ನಮ್ಮ ಕಚೇರಿ ಹೆಡ್ ಕ್ಲರ್ಕ್ ಇದ್ದಂಗ. ಆದ್ರೂ ಎದಿ ಢವಢವ ಅಂತದ. ಇದನ್ನ ಮಾತ್ರ ಓದೇ ನೋಡ್ರಿ. 2011ರ ಸಿನಿಮಾ ಎರಡು ತಾಸಿನ್ಯಾಗ ಎಲ್ಲಾ ಮುಗಸತದ, ನನ್ನ ದೋಸ್ತ ನಡುವ ಚಾ ಮಾಡಿಕೊಂಡು ಬಂದು “ಈಗ ಇವ ಯಾರು?” ಅಂದಾಂವ, ಕಡೀತನಕ ಅದನ್ನೇ ಕೇಳಿದ. ಪುಸ್ತಕದಾಗ ಜೆಕೊಸ್ಲೊವಾಕಿಯಾದ ಕಾಡಿನ್ಯಾಗ ಹಾರೋ ಗುಂಡು ಸಿನಿಮಾದಾಗ ಬುಡಾಪೆಸ್ಟಿನ ಕೆಫೆಗೆ ಬಂದದ. ಅದಕ್ಕ ನನ್ನ ತಕರಾರಿಲ್ಲ. ವೇಟರನ ಬೆವರು ಟೇಬಲ್ ಮ್ಯಾಲ ತಟ್ಟಂತ ಬೀಳತದಲ್ಲ, ಆ ಒಂದು ಹನಿ ಕಾಡಿಗಿಂತ ಜಾಸ್ತಿ ಹೆದರಸತದ. ಪುರುಸೊತ್ತು ಇದ್ರ 1979ರ ಬಿಬಿಸಿ ಸರಣಿ ಹುಡುಕ್ರಿ, ಏಳು ಕಂತು. ಅಲೆಕ್ ಗಿನ್ನೆಸ್ ಚಾಳೀಸು ಒರಸೋದು ನೋಡಿದ್ರ ಸಾಕು, ಪುಸ್ತಕದಾಗಿನ ಸ್ಮೈಲಿನೇ ಎದ್ದು ಬಂದಂಗ.

ಜಾನ್ ಬುಕನ್ ಅಂಬ ಲೇಖಕನ ‘ದ ಥರ್ಟಿ-ನೈನ್ ಸ್ಟೆಪ್ಸ್’ಗೆ ಈ ಚಿಂತಿ ಬ್ಯಾಡ. 1915ರ ಪುಸ್ತಕದಾಗ ಹೆಸರಿನ್ಯಾಗಿನ ಆ ಮೂವತ್ತೊಂಬತ್ತು ಸ್ಟೆಪ್ಸ್ ಅಂದ್ರ ಸಮುದ್ರಕ್ಕಿಳಿಯೋ ಖರೇ ಮೆಟ್ಟಲು. 1935ರ ಸಿನಿಮಾದಾಗ ನಿರ್ದೇಶಕ ಹಿಚ್‌ಕಾಕ್ ಅದನ್ನ ಗೂಢಚಾರಿ ಗ್ಯಾಂಗಿನ ಹೆಸರು ಮಾಡಿಬಿಟ್ಟ! ನಾಯಕನ ಕೈಗೆ ಬೇಡಿಲೇ ಜೋಡಿಸಿದ ಹುಡುಗಿನೂ ಪುಸ್ತಕದಾಗ ಇಲ್ಲ. ಎರಡೂ ಬ್ಯಾರೆ ಕಥಿ, ಯಾವುದರಿಂದ ಶುರು ಮಾಡಿದ್ರೂ ನಡೀತದ.

ನನ್ನ ಕೇಳಿದ್ರ, ಲ ಕ್ಯಾರೆಯ 1963ರ ‘ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್’ ಮೊದಲು ಹಿಡೀರಿ. ಸಣ್ಣ ಪುಸ್ತಕ. ಯಾರು ಯಾರಿಗೆ ಮೋಸ ಮಾಡ್ಯಾರ ಅಂತ ನಿಮಗೇ ಗೊತ್ತಾಗಲಿ, ಆಮ್ಯಾಲ ರಿಚರ್ಡ್ ಬರ್ಟನ್ ನಟಿಸಿದ ಅದರ ಕಪ್ಪು-ಬಿಳುಪಿನ ಸಿನಿಮಾ ಹಾಕ್ರಿ. ಬರ್ಲಿನ್ ಗೋಡಿ ಹತ್ತೋ ಹೊತ್ತಿನ್ಯಾಗ ಅವನ ಮಾರಿ ನೋಡ್ರಿ.