ಬೇರಿನ ಗಂಟು, ತೇಲುವ ಮೊಟ್ಟೆ

ಪ್ರಶ್ನೆ: ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ರೈಜೋಬಿಯಂ (ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ) ಗಂಟು ತೋರಿಸೋಣವೆಂದು ಮಕ್ಕಳನ್ನು ಪಕ್ಕದ ರಾಗಿ ಹೊಲಕ್ಕೆ ಕರೆದೊಯ್ದೆ. ರಾಗಿಯ ನಡುನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆ ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಒಂದು ಗಂಟೂ ಇಲ್ಲ! ಏಕೆ?
– ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ‘ಕಿತ್ತು’ ಎಂದಿದ್ದೀರಲ್ಲ, ಎಡವಟ್ಟು ಅಲ್ಲೇ ಆಗಿರಬೇಕು. ಗಂಟು ಬೇರಿಗೆ ಸಡಿಲವಾಗಿ ಅಂಟಿರುತ್ತದೆ. ಗಿಡ ಎಳೆದರೆ ಕಳಚಿ ಮಣ್ಣಿನಲ್ಲೇ ಉಳಿಯುತ್ತದೆ. ಹದ ಮಳೆಯ ಮರುದಿನ ಹೋಗಿ, ಬುಡದಿಂದ ಗೇಣು ದೂರಕ್ಕೆ ಸುತ್ತ ಗುದ್ದಲಿ ಹಾಕಿ, ಗೇಣುದ್ದ ಆಳದವರೆಗೆ ಹೆಂಟೆ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮೆಲ್ಲಗೆ ಅಲುಗಾಡಿಸಿದರೆ ಸಾಕು. ಉಜ್ಜಬೇಡಿ.

ಗಿಡಕ್ಕೆ 35–45 ದಿನ ಆಗಿರಲಿ. ಕಾಯಿ ಬಲಿಯುವ ಹೊತ್ತಿಗೆ ಗಂಟು ಸೊರಗಿ ಕೊಳೆಯುತ್ತದೆ. ಯೂರಿಯಾ ಧಾರಾಳವಾಗಿ ಕೊಟ್ಟ ಹೊಲದಲ್ಲೂ ಗಂಟು ಕಡಿಮೆ: ಸಾರಜನಕ ಪುಕ್ಕಟೆ ಸಿಗುವಾಗ ಗಿಡ ಬ್ಯಾಕ್ಟೀರಿಯಾವನ್ನು ಸಾಕುವ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ಯೂರಿಯಾ ಬಿದ್ದ ಗಿಡ, ಬೀಳದ ಗಿಡ, ಜೊತೆಗೆ ಗಂಟೇ ಕಟ್ಟದ ಒಂದು ರಾಗಿ ಪೈರು, ಮೂರರ ಬೇರನ್ನೂ ಬಿಳಿ ಹಾಳೆಯ ಮೇಲೆ ಸಾಲಾಗಿ ಇಡಿ. ಪಾಠದ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ.

ದಪ್ಪ ಗಂಟೊಂದನ್ನು ನೀವೇ ಬ್ಲೇಡಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ನೆಂಟನಾದ ಲೆಗ್‌ಹಿಮೋಗ್ಲೋಬಿನ್‌ನದು. ಸಾರಜನಕ ಹಿಡಿದಿಡುವ ಕಿಣ್ವವನ್ನು ಹೆಚ್ಚಿನ ಆಮ್ಲಜನಕದಿಂದ ಕಾಪಾಡುತ್ತದೆ. ಹಸಿರು ಅಥವಾ ಕಂದು ಇದ್ದರೆ ಗಂಟಿಗೆ ವಯಸ್ಸಾಗಿದೆ. ಸೀಳಿದ ಕೂಡಲೇ ತೋರಿಸಿ, ಗಾಳಿ ತಾಗಿ ಬಣ್ಣ ಮಾಸುತ್ತದೆ. ಉಗುರು ತಾಗಿಸಿದರೂ ಕಳಚದೆ ಬೇರೇ ಊದಿಕೊಂಡಂತಿದ್ದರೆ ಅದು ರೈಜೋಬಿಯಂ ಅಲ್ಲ, ಮಣ್ಣಿನ ಜಂತುಹುಳುವಿನ (ನೆಮಟೋಡ್) ಬಾಧೆ. ಟೊಮೆಟೊ ಬೇರಿನಲ್ಲಿ ಇದನ್ನೇ ಕಂಡು ಮೋಸಹೋಗುವವರು ಬಹಳ.

ಹೊಲ ದೂರವಿದ್ದರೆ ಶಾಲೆಯ ಕುಂಡದಲ್ಲಿ ಅಲಸಂದೆ ಬಿತ್ತಿ. ಕಟ್ಟಡದ ಗಾರೆ ಬೆರೆತ ಮಣ್ಣಾದರೆ, ಹಿಂದಿನ ವರ್ಷ ಅಲಸಂದೆಯನ್ನೋ ಅವರೆಯನ್ನೋ ಬೆಳೆದ ಹೊಲದಿಂದ ಎರಡು ಹಿಡಿ ಮಣ್ಣು ತಂದು ಸೇರಿಸಿ, ಬ್ಯಾಕ್ಟೀರಿಯಾ ಅದರೊಂದಿಗೆ ಬರುತ್ತದೆ.

ಪ್ರಶ್ನೆ: ಸಾಂದ್ರತೆಯ ಪಾಠಕ್ಕೆ ಉಪ್ಪುನೀರಿನಲ್ಲಿ ಜೊಳ್ಳು ತೇಲಿಸಿ ಬಿತ್ತನೆ ಭತ್ತ ಆರಿಸಲು ಹೊರಟೆವು. ಮೊಟ್ಟೆ ತೇಲಿದರೆ ಉಪ್ಪಿನ ಹದ ಸರಿ ಎಂದು ಗೊತ್ತಿತ್ತು, ಆದರೆ ಉಪ್ಪು ಹಾಕುವ ಮೊದಲೇ ಮೊಟ್ಟೆ ತೇಲಿತು!
– ಶಿಕ್ಷಕ, ಮಂಡ್ಯ ಜಿಲ್ಲೆ

ಉತ್ತರ: ಮೊಟ್ಟೆ ಹಳೆಯದು. ದಿನ ಕಳೆದಂತೆ ಚಿಪ್ಪಿನ ರಂಧ್ರಗಳಿಂದ ನೀರಿನಂಶ ಆರಿ, ಒಳಗಿನ ಗಾಳಿಗೂಡು ಹಿಗ್ಗುತ್ತದೆ. ಗಾತ್ರ ಅಷ್ಟೇ, ತೂಕ ಇಳಿಯುತ್ತದೆ. (ಅದನ್ನು ಎಸೆಯದೆ ಹೊಸದರ ಪಕ್ಕ ತೇಲಿಬಿಡಿ, ಅದೇ ಒಳ್ಳೆಯ ಪ್ರಯೋಗ.) ಆ ದಿನದ ಮೊಟ್ಟೆ ತನ್ನಿ. ಒಂದು ಲೀಟರ್ ನೀರಿಗೆ 100 ಗ್ರಾಂ ಉಪ್ಪು ಕರಗಿಸಿ, ಆಮೇಲೆ ಚಮಚ ಚಮಚವಾಗಿ ಸೇರಿಸುತ್ತ ಹೋಗಿ. 120ರಿಂದ 140 ಗ್ರಾಂ ಆಗುವಷ್ಟರಲ್ಲಿ ಮೊಟ್ಟೆ ಮೇಲೇಳಬೇಕು. ಕಲ್ಲುಪ್ಪು ತಳದಲ್ಲಿ ಕರಗದೆ ಕೂತಿದ್ದರೆ ಲೆಕ್ಕ ತಪ್ಪುತ್ತದೆ.

ಭತ್ತ ಸುರಿದ ಮೇಲೆ ಕೈಯಾಡಿಸಿ. ಸಿಪ್ಪೆಗೆ ಅಂಟಿದ ಗಾಳಿಗುಳ್ಳೆಯಿಂದ ಗಟ್ಟಿ ಕಾಳೂ ತೇಲುತ್ತದೆ. ಮುಳುಗಿದ್ದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಮೊಳಕೆಗೆ ಅಡ್ಡಿ. ಬಳಿಕ ತೇಲಿದ 100, ಮುಳುಗಿದ 100 ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಬೇರೆ ಬೇರೆ ಸುತ್ತಿಟ್ಟು, ಎರಡು ವಾರದವರೆಗೆ ಮೊಳಕೆ ಎಣಿಸಿ. ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಶೇ. 80 ಮೊಳಕೆ ಇರಬೇಕೆಂಬುದು ನಿಯಮ, ಅದಕ್ಕೆ ಹೋಲಿಸಿ. ಮನೆಯ ಭತ್ತವನ್ನೇ ಬಳಸಿ. ಅಂಗಡಿಯ ಬಣ್ಣ ಲೇಪಿಸಿದ ಬೀಜದಲ್ಲಿ ಔಷಧಿ ಇರುತ್ತದೆ, ಮಕ್ಕಳ ಕೈಗೆ ಕೊಡಬೇಡಿ.